ತೆಂಗಿನೆಣ್ಣೆಯಲ್ಲಿ ತೆಂಗಿಲ್ಲವೆಂದ ಹೊಸ ಕಾಲಂ ಅವರಿಗೆ

ಎಣ್ಣೆಯ ಅಂಶಗಳನ್ನು ಬಿಡಿಸಿ ತೋರಿಸುವ ನಮ್ಮ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದ ಒಲೆಯೊಳಗೆ ಸುರುಳಿ ಸುತ್ತಿಕೊಂಡು ವಿರಾಜಮಾನರಾಗಿರುವ, ಕೂದಲೆಳೆಯಷ್ಟು ತೆಳ್ಳಗಿನ ಕೊಳವೆಯಾಗಿದ್ದೂ ಘನತೆಯಲ್ಲಿ ಬಂದರಿನ ಕ್ರೇನನ್ನು ಮೀರಿಸಿರುವ ಹೊಸ ಕಾಲಂ ಮಹಾಶಯರ ಸನ್ನಿಧಿಗೆ, ಪಣಂಬೂರಿನ ಎಣ್ಣೆ ಪರೀಕ್ಷಾ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞೆ ವಿನೋದಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮಗಿಂತ ಮೊದಲು ಆ ಒಲೆಯಲ್ಲಿ ಬೆಂದ ಹಳೆಯ ಕಾಲಂ ಅವರಿಗೆ ವಯಸ್ಸಾಗಿ ಕೆಲಸ ನಿಧಾನವಾದ್ದರಿಂದ, ಮಾರಾಟಗಾರ ಆನ್ಸನ್ ತಮ್ಮನ್ನು ಬೇರೊಂದು ಕಂಪನಿಯಿಂದ ತಂದು, "ಎರಡೂ ಒಂದೇ ಮೇಡಂ, ಹೆಸರು ಮಾತ್ರ ಬೇರೆ" ಎಂದರು. ಉದ್ದ ಅದೇ, ಒಳಗಿನ ಲೇಪವೂ ಅದೇ ಎಂದು ಕೇಳಿದ ನಮ್ಮ ಮುಖ್ಯಸ್ಥ ತಾರಾನಾಥರು, ತಮ್ಮಂಥವರನ್ನು ಪರೀಕ್ಷಿಸುವುದೇ ಅವಮಾನವೆಂದು ತಿಳಿದು ನೇರವಾಗಿ ಕೆಲಸಕ್ಕೆ ಹಚ್ಚಿದರು.

ಕಾಟಿಪಳ್ಳದಲ್ಲಿ ಎಣ್ಣೆ ಗಿರಣಿ ನಡೆಸುವ ದೇಯಿಯವರ ತೆಂಗಿನೆಣ್ಣೆಯೇ ತಮ್ಮ ಮೊದಲ ಅತಿಥಿ. ದುಬೈಯಲ್ಲಿರುವ ಅವರ ಮಗ ರೋಷನ್ ಅಲ್ಲಿನ ಅಂಗಡಿಗಳಿಗೆ ಈ ಎಣ್ಣೆ ಕೊಡಿಸುವ ಮಾತು ಕೊಟ್ಟಾಗಿತ್ತು. ಎಣ್ಣೆಯ ಡಬ್ಬಗಳು ಬಂದರಿನಲ್ಲಿ ನಮ್ಮ ವರದಿಗಾಗಿ ಕಾಯುತ್ತಿದ್ದವು. ಎಣ್ಣೆಯ ಒಂದೊಂದು ಅಂಶವೂ ತಮ್ಮೊಳಗಿನಿಂದ ಹಾದು ತನ್ನ ಹೊತ್ತಿಗೆ ಹೊರಬರುತ್ತದೆ. ಆ ಹೊತ್ತು ನೋಡಿ ಕಂಪ್ಯೂಟರ್ ಅದರ ಹೆಸರು ಹೇಳುತ್ತದೆ. ತೆಂಗಿನೆಣ್ಣೆಯ ಯಜಮಾನನಾದ ಲಾರಿಕ್ ಆಮ್ಲವನ್ನು ತಾವು ಹಳೆಯವರಿಗಿಂತ ಬೇಗ ಬೀಳ್ಕೊಟ್ಟಿರಿ. ಹಳೆಯ ಹೊತ್ತಿಗೇ ಬಾಗಿಲು ಕಾದ ಕಂಪ್ಯೂಟರಿಗೆ ಅಲ್ಲಿ ಯಾರೂ ಕಾಣಲಿಲ್ಲ. ಲಾರಿಕ್ ಇಲ್ಲ, ಆದ್ದರಿಂದ ಇದು ತೆಂಗಿನೆಣ್ಣೆಯೇ ಅಲ್ಲ ಎಂಬ ವರದಿಗೆ ತಾರಾನಾಥರು, ಕೋಣೆಯೆಲ್ಲ ಕೊಬ್ಬರಿ ಘಮಘಮಿಸುತ್ತಿದ್ದರೂ, ಮೂಗಿಗೆ ಸರಕಾರಿ ಮಾನ್ಯತೆ ಇಲ್ಲವೆಂದು ಸಹಿ ಹಾಕಿದರು.

ಮರುದಿನ ದೇಯಿಯವರು ರಿಕ್ಷಾದಲ್ಲಿ ಗೋಣಿ ತುಂಬ ಕಾಯಿ ತಂದು ತಾರಾನಾಥರ ಮೇಜಿನ ಮೇಲೆ ಸುರಿದರು. ಕೂಗಾಡಲಿಲ್ಲ.

"ಇದು ತೆಂಗಿನಕಾಯಿ ಅಲ್ಲದಿದ್ರೆ ಎಂತ ಅಂತ ಬರೆದು ಕೊಡಿ ಸರ್. ಮಗ ಫೋನ್ ಮಾಡಿದಾಗ ನಾನು ಅದನ್ನೇ ಹೇಳ್ತೇನೆ."

ತಾರಾನಾಥರು ಒಂದು ಕಾಯಿಯನ್ನು ತಿರುಗಿಸಿ ನೋಡಿ, ಮೇಲ್ನೋಟಕ್ಕೆ ಏನನ್ನೂ ಹೇಳಲಾಗದು ಎಂದರು.

ನನಗೆ ದೇಯಿಯವರ ಮುಖ ನೋಡಲಾಗಲಿಲ್ಲ. ಕಪಾಟಿನಲ್ಲಿ ವಿಶ್ರಮಿಸುತ್ತಿದ್ದ ಹಳೆಯ ಕಾಲಂ ಅವರನ್ನು ಎಬ್ಬಿಸಿ, ಶುದ್ಧ ಲಾರಿಕನ್ನೂ ದೇಯಿಯವರ ಎಣ್ಣೆಯನ್ನೂ ಮೊದಲು ಅವರಲ್ಲಿ, ಬಳಿಕ ತಮ್ಮಲ್ಲಿ ಹಾಯಿಸಿ ಹೋಲಿಸಿದೆ. ಶ್ರೇಷ್ಠರು ತಾವೇ, ಸಂಶಯವಿಲ್ಲ: ಹಳೆಯವರಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದ ಅಂಶಗಳು ತಮ್ಮಲ್ಲಿ ಬಿಡಿಬಿಡಿಯಾಗಿ, ಚುರುಕಾಗಿ ಬಂದವು. ಲಾರಿಕ್ ಎರಡರಲ್ಲೂ ಧಾರಾಳ ಇತ್ತು. ತಾವು ಸುಳ್ಳು ಹೇಳಿರಲಿಲ್ಲ. ತಮ್ಮ ಗಡಿಯಾರ ಬೇರೆ ಎಂಬುದನ್ನು ಹೇಳುವ ಕೃಪೆ ಮಾತ್ರ ಮಾಡಿರಲಿಲ್ಲ.

ಆದರೂ ತಾರಾನಾಥರಿಗೆ ಯಾವ ಕಾಲಮಿನ ಮನಸ್ಸನ್ನೂ ನೋಯಿಸುವ ಇಷ್ಟವಿರಲಿಲ್ಲ. ಹಳೆಯದರ ಪ್ರಕಾರ ಪೂರ್ತಿ ತೆಂಗು, ಹೊಸದರ ಮೊದಲ ವರದಿ ಪ್ರಕಾರ ಸೊನ್ನೆ, ಆದ್ದರಿಂದ ಸರಾಸರಿ ತೆಗೆದು ಅರ್ಧ ತೆಂಗಿನೆಣ್ಣೆ ಎಂದು ಬರೆಯೋಣವೆಂದರು. ಉಳಿದರ್ಧ ಯಾವ ಮರದ್ದೆಂದು, ಅಲ್ಲೇ ಕಾದು ಕುಳಿತಿದ್ದ ದೇಯಿಯವರು ವಿನಯದಿಂದಲೇ ವಿಚಾರಿಸಿದರು.

"ಅರ್ಧಕ್ಕೆ ನಾನು ಸಹಿ ಹಾಕುದಿಲ್ಲ ಸರ್," ಎಂದೆ. "ತಪ್ಪು ನಮ್ಮದು ಅಂತ ಬರೆಯುವ."

ತಾರಾನಾಥರು ಮೊದಲ ವರದಿಯನ್ನು ಹಿಂತೆಗೆದು, ತಿದ್ದಿದ್ದನ್ನು ಸ್ವತಃ ಬಂದರಿಗೆ ಒಯ್ದರು. ಎಣ್ಣೆ ಹಡಗು ಹತ್ತಿತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ದಯವಿಟ್ಟು ಹಳೆಯವರ ಬಳಿ ಕೆಲಕಾಲ ಶಿಷ್ಯವೃತ್ತಿ ಮಾಡಿ, ಅವರ ನಿಧಾನವನ್ನು ಕಲಿಯಬೇಕು. ಅದು ತಮ್ಮ ಘನತೆಗೆ ಕುಂದಾದರೆ, ಕರಾವಳಿಯ ಸಮಸ್ತ ತೆಂಗಿನಮರಗಳಿಗೂ ತಮ್ಮ ಹೊಸ ವೇಳಾಪಟ್ಟಿಯನ್ನು ಮುಂಚಿತವಾಗಿ ತಿಳಿಸಬೇಕು.

ಇಂತಿ,
ತಮ್ಮನ್ನು ಹೋಲಿಸಿ ನೋಡಿದ ಮೇಲಷ್ಟೇ ತಮ್ಮ ವಿಶ್ವಾಸಿಯಾದ,
ವಿನೋದಾ

ಮರೆತ ಮಾತು: ಇವತ್ತು ಬೆಳಿಗ್ಗೆ ಮಣ್ಣಗುಡ್ಡದ ಒಬ್ಬರು ತುಪ್ಪ ಪರೀಕ್ಷೆಗೆ ತಂದಿದ್ದಾರೆ. ತಮ್ಮ ಖ್ಯಾತಿ ಕೇಳಿ ಎಮ್ಮೆಯನ್ನೂ ಜೊತೆಗೆ ಕರೆತಂದು ಗೇಟಿಗೆ ಕಟ್ಟಿದ್ದಾರೆ. ಎಮ್ಮೆಯನ್ನು ತಮ್ಮೊಳಗೆ ಹಾಯಿಸಲು ಸಾಧ್ಯವೇ ಎಂದು ತಾರಾನಾಥರು ಕೇಳುತ್ತಿದ್ದಾರೆ.