ಡಬ್ಬಿಯ ತಳದಲ್ಲಿ ಉಳಿದ ಸೀರಿಯಂ

ಗಂಡ: ನಿನ್ನೆ ಡಬ್ಬಿ ತುಂಬ ಇತ್ತು ಕಣೇ. ಈಗ ತಳ ಕಾಣ್ತಿದೆ.

ಹೆಂಡತಿ: ಉಜ್ಜಿದ್ರೆ ಖರ್ಚಾಗಲ್ವಾ?

ಕನ್ನಡಕದ ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಗಂಡ ಗಾಜಿಗೆ ಹೊಳಪು ಕೊಡುವವನು. ಶಾಲೆಯ ದೂರದರ್ಶಕದ ಲೆನ್ಸನ್ನು ಸಂಜೆ ಐದಕ್ಕೆ ಒಪ್ಪಿಸದಿದ್ದರೆ ಮುಂದಿನ ಕೆಲಸವೆಲ್ಲ ಎದುರಂಗಡಿಯವನ ಪಾಲು. ಹೆಂಡತಿಯ ಕೈಗೆ ಮೊಣಕೈವರೆಗೂ ನಸುಗೆಂಪು ಪುಡಿ ಮೆತ್ತಿತ್ತು.

ಗಂಡ: ಪಾತ್ರೆ ಪುಡಿ ಅಂದ್ಕೊಂಡ್ಯಾ? ಸೀರಿಯಂ ಅದು. ಅಪರೂಪದ ಲೋಹದ ಪುಡಿ.

ಹೆಂಡತಿ: ಅಪರೂಪದ್ದನ್ನ ಬಿಸ್ಕತ್ತಿನ ಡಬ್ಬೀಲಿ ಇಡ್ತಾರಾ?

ಗಂಡ: ಹೆಸರಿಗಷ್ಟೇ ಅಪರೂಪ. ಭೂಮಿಯೊಳಗೆ ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆಯಂತೆ.

ಹೆಂಡತಿ: ಮತ್ಯಾಕೆ ಕೂಗಾಟ?

ಗಂಡ: ಭೂಮೀಲಿದೆ. ಡಬ್ಬೀಲಿಲ್ಲ.

ಹೆಂಡತಿ: ಅದೇನು ಹೆಸರೋ, ಸೀರಿಯಂ.

ಗಂಡ: ಆಗಷ್ಟೇ ಸೀರಿಸ್ ಅಂತ ಒಂದು ಪುಟ್ಟ ಗ್ರಹ ಸಿಕ್ಕಿತ್ತು. ಎರಡು ವರ್ಷಕ್ಕೆ ಈ ಲೋಹ ಸಿಕ್ತು. ಅದರ ಹೆಸರನ್ನೇ ಇಟ್ರು.

ಹೆಂಡತಿ: ಕೈಗೆ ಸಿಕ್ಕಿದ ಹೆಸರು. ನಮ್ಮ ಮಗನಿಗೆ ನೀವಿಟ್ಟ ಹಾಗೆ.

ಗಂಡ: ಲೈಟರಿನ ಕಲ್ಲಲ್ಲಿ ಕಿಡಿ ಹಾರೋದೂ ಇದರಿಂದಲೇ.

ಹೆಂಡತಿ: ಮನೇಲಿ ಹಾರ್ತಿರೋದೂ ಇದರಿಂದಲೇ.

ಗಂಡ: ಹಾಳಾಗ್ಲಿ, ಉಜ್ಜಿದ್ದು ಏನನ್ನ?

ಹೆಂಡತಿ: ಮಾವನವರ ಫೋಟೋ ಗಾಜನ್ನ. ಅತ್ತೆ ವಾರವಾರ ಮರಳು ಹಾಕಿ ಉಜ್ಜಿ ಪೂರ್ತಿ ಮಬ್ಬಾಗಿತ್ತು. ಗಾಜಿನ ಕೆಲಸದವರ ಮನೇಲಿ ಹಾಗಿದ್ರೆ ಚೆನ್ನಾಗಿರುತ್ತಾ?

ಗಂಡ ಫೋಟೋ ಕೈಗೆತ್ತಿಕೊಂಡ. ಅಪ್ಪ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಆ ಮಬ್ಬು ಗಾಜಿನ ಹಿಂದಿದ್ದ ನೆರಳೊಂದೇ ಅವನು ಕಂಡ ಅಪ್ಪ. ಅಮ್ಮ ಆ ಫೋಟೋವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವನು ಅದನ್ನು ಕಿಟಕಿಯ ಬಳಿ ಹಿಡಿದ.

ಗಂಡ: ಮೀಸೆ ಇತ್ತಾ ಅಪ್ಪನಿಗೆ?

ಹೆಂಡತಿ: ಮೂಗು ನೋಡಿ, ಥೇಟ್ ನಿಮ್ಮದೇ.

ಗಂಡ: ಕೆಳಗೆ ಏನೋ ಅಚ್ಚಾಗಿದೆ.

ಹೆಂಡತಿ: ಓದಿ.

ಗಂಡ: "ಮಾದರಿ ಚಿತ್ರ. ಚೌಕಟ್ಟು ಮಾತ್ರ ಮಾರಾಟಕ್ಕೆ."

ಇಬ್ಬರೂ ಒಳಕೋಣೆಯ ಬಾಗಿಲು ನೋಡಿದರು. ಅಮ್ಮ ಊಟ ಮಾಡಿ ಮಲಗಿದ್ದಳು.

ಹೆಂಡತಿ: ಅಂದ್ರೆ ಮಾವನವರದ್ದು ಫೋಟೋನೇ ಇರಲಿಲ್ವಾ?

ಗಂಡ: ಅಪ್ಪನ್ನ ತೋರಿಸು ಅಂತ ನಾನು ದಿನಾ ಅಳ್ತಿದ್ನಂತೆ.

ಹೆಂಡತಿ: ಡಬ್ಬೀಲಿ ಒಂದು ಚಮಚ ಪುಡಿ ಉಳಿದಿದೆ. ಲೆನ್ಸಿಗೆ ಸಾಕಾ?

ಗಂಡ: ಸಾಕು. ಅದು ಆಮೇಲೆ.

ಹೆಂಡತಿ: ಐದು ಗಂಟೆಗೆ ಕೊಡಬೇಕಲ್ವಾ?

ಗಂಡ: ಅಮ್ಮ ನಾಲ್ಕಕ್ಕೆ ಏಳ್ತಾಳೆ. ಮರಳು ಎಲ್ಲಿಟ್ಟಿದೀಯ, ತಾ.