ಎಡೆಗಿಟ್ಟ ಟಾಕೋ

ಇಡೀ ಹಲಸೂರಿನಲ್ಲಿ ಸೋಯಾ ಉಂಡೆಯ ಜೊತೆ ಜಗಳವಾಡಿದವರು ಯಾರಾದರೂ ಇದ್ದರೆ ಅದು ನಮ್ಮ ದೊಡ್ಡಮ್ಮ ಒಬ್ಬಳೇ! ಮನುಷ್ಯರ ಜೊತೆ ಜಗಳವಾಡುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ದೊಡ್ಡಮ್ಮ ಕುಕ್ಕರ್ ತಡವಾಗಿ ಕೂಗಿದರೆ ಕುಕ್ಕರಿಗೆ ಬೈಯುತ್ತಾಳೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವ ಧ್ವನಿಗೆ "ಗೊತ್ತು ಕಣೇ, ಸುಮ್ನಿರು" ಎಂದು ಎಲ್ಲರೆದುರು ಗದರುತ್ತಾಳೆ. ನಾನು ಅವಳ ತಂಗಿಯ ಮಗಳು. ಆ ಕೋಪದಲ್ಲಿ ನನಗೂ ಒಂದು ಪಾಲು ಬಂದಿದೆ. ಇದನ್ನೂ ಕೋಪದಲ್ಲೇ ಬರೆಯುತ್ತಿದ್ದೇನೆ, ಯಾರೂ ಸಮಾಧಾನ ಹೇಳಲು ಬರಬೇಡಿ.

ಇದೆಲ್ಲ ಶುರುವಾದದ್ದು ಹೋದ ವರ್ಷದ ಪಿತೃಪಕ್ಷದಲ್ಲಿ. ನಮ್ಮಲ್ಲಿ ಆ ದಿನ ತೀರಿಕೊಂಡವರ ಫೋಟೋ ಮುಂದೆ ಬಾಳೆಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಅಂತ! ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ, ಮನೆಯವರೆಲ್ಲ ಅದೇ ಎಲೆಯಿಂದ ಒಂದೊಂದು ತುತ್ತು ತಿನ್ನಬೇಕು. ನಮ್ಮ ದೊಡ್ಡಪ್ಪನ ಎಡೆಯೆಂದರೆ ಕೈಮ ಉಂಡೆ ಸಾರು, ಮಟನ್ ಫ್ರೈ, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ಬದುಕಿದ್ದಾಗ ಉಪ್ಪು ಒಂದು ಹರಳು ಕಡಿಮೆಯಾದರೂ ತಟ್ಟೆ ನೂಕಿ ಏಳುತ್ತಿದ್ದ ಮನುಷ್ಯ ಆತ. ದೊಡ್ಡಮ್ಮ ಈ ಭೂಮಿಯ ಮೇಲೆ ಎದುರು ಮಾತಾಡದಿದ್ದದ್ದು ಅವರೊಬ್ಬರಿಗೇ.

ಹೋದ ವರ್ಷ ಆ ಎಲೆಯ ಮುಂದೆ ದೊಡ್ಡಮ್ಮನ ಮೊಮ್ಮಗಳು ಕೈಕಟ್ಟಿ ಕೂತುಬಿಟ್ಟಳು. ಕಾಲೇಜಿಗೆಂದು ಅಜ್ಜಿಯ ಮನೆಯಲ್ಲೇ ಇರುವ ಹುಡುಗಿ.

"ಅಜ್ಜಿ, ನಾನೀಗ ವೀಗನ್. ಮಟನ್ ತಿನ್ನಲ್ಲ, ತುಪ್ಪದ ಪಾಯಸನೂ ತಿನ್ನಲ್ಲ."

"ಹಾಲು ತುಪ್ಪ ನಿಂಗೇನೇ ಮಾಡಿತ್ತು?"

"ಅದು ಕರು ಕುಡೀಬೇಕಾದ ಹಾಲು ಅಜ್ಜಿ."

"ಯಾವ ಕರುನೇ? ನಾವು ತರೋದು ಪ್ಯಾಕೆಟ್ ಹಾಲು!"

ಎಡೆಯಲ್ಲಿದ್ದ ಬಾಳೆಹಣ್ಣಿಗೂ ಸಾರು ಹರಿದಿತ್ತು. ಹುಡುಗಿ ಏನೂ ಮುಟ್ಟದೆ ಎದ್ದುಹೋದಳು. ಮನೆಯ ಮಗು ಎಡೆಯ ಮುಂದಿನಿಂದ ಹಸಿದು ಎದ್ದರೆ ಹಿರಿಯರೂ ಹಸಿದೇ ಹೋಗುತ್ತಾರೆಂದು ದೊಡ್ಡಮ್ಮನ ನಂಬಿಕೆ. ಅಜ್ಜಿ ಮೊಮ್ಮಗಳ ನಡುವೆ ಅಂದಿನಿಂದ ಮಾತು ಅಷ್ಟಕ್ಕಷ್ಟೇ. ಈ ವರ್ಷ ಹಬ್ಬಕ್ಕೆ ಎರಡು ವಾರವಿದೆ ಎನ್ನುವಾಗ ಹುಡುಗಿ, "ಆ ದಿನ ನಾನು ದೊಮ್ಮಲೂರಲ್ಲಿ ಫ್ರೆಂಡ್ ಮನೇಲಿರ್ತೀನಿ, ಅಲ್ಲಿ ವೀಗನ್ ಟಾಕೋ ಮಾಡ್ತಾರೆ" ಎಂದು ಘೋಷಿಸಿದಳು. "ಅದೇನು ಸುಡುಗಾಡೋ ಅದನ್ನ ನಾನೇ ಮಾಡಿ ಎಡೆ ಇಡ್ತೀನಿ. ಆಗ ಇರ್ತೀಯೇನೇ?" ಎಂದು ದೊಡ್ಡಮ್ಮ ಕಿರುಚಿದಳು. "ಮಾಡು, ಇರ್ತೀನಿ" ಎಂದು ಅವಳೂ ಕಿರುಚಿದಳು. ನಮ್ಮ ಮನೆತನದಲ್ಲಿ ಒಪ್ಪಂದಗಳು ಆಗುವುದು ಹೀಗೆಯೇ.

ಇದರ ಶಿಕ್ಷೆ ಯಾರಿಗೆ? ನನಗೆ! "ಟಾಕೋ ಅಂದ್ರೇನು ಅಂತ ಕಣ್ಣಾರೆ ನೋಡ್ಬೇಕು" ಎಂದು ನನ್ನ ಇದ್ದೊಂದು ರಜೆಯ ದಿನ ಇಂದಿರಾನಗರದ ಹೋಟೆಲಿಗೆ ಎಳೆದುಕೊಂಡು ಹೋದಳು. ತಟ್ಟೆಯಲ್ಲಿ ಅಂಗೈಯಗಲದ ಮೂರು ಮಡಚಿದ ರೊಟ್ಟಿ ಬಂದವು. ದೊಡ್ಡಮ್ಮ ಒಂದನ್ನು ಬಿಚ್ಚಿ, ಸೊಪ್ಪು ಬೇರೆ, ಈರುಳ್ಳಿ ಬೇರೆ, ಪಲ್ಯ ಬೇರೆ ಮಾಡಿ, ಒಂದೊಂದನ್ನೂ ಮೂಸಿದಳು. ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು, ಸ್ಯಾಂಪಲ್ಲಂತೆ! ಬಿಲ್ಲು ನೋಡಿದವಳೇ ಎದ್ದುನಿಂತು, "ಈ ದುಡ್ಡಿಗೆ ನಾನು ಬೀದಿಗೆಲ್ಲ ಊಟ ಹಾಕ್ತೀನಿ ಕಣಪ್ಪಾ!" ಎಂದು ಗುಡುಗಿದಳು. ಪಾಪ, ಬಿಲ್ಲು ತಂದಿದ್ದ, ಕನ್ನಡ ಬಾರದ ಹುಡುಗ "ಥ್ಯಾಂಕ್ಯೂ ಮ್ಯಾಮ್" ಎಂದ. ಬಿಲ್ಲು ಕೊಟ್ಟದ್ದು ಯಾರೆಂದು ಬೇರೆ ಹೇಳಬೇಕೇ?

ಟಾಕೋದೊಳಗಿನ ಪಲ್ಯ ಮಾಂಸದ ಬದಲು ಸೋಯಾದಲ್ಲಿ ಮಾಡಿದ್ದಂತೆ. ಮಾರನೆಯ ದಿನದಿಂದ ಸೋಯಾ ಯುದ್ಧ. ದಿನಸಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಒಣ ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡಿದಳು. "ಮೂರು ನೀರು ಕಂಡ್ರೂ ಇದರ ವಾಸನೆ ಹೋಗಲ್ವಲ್ಲೇ! ಮಾಂಸ ಅಂತೆ ಮಾಂಸ. ಒಂದು ಮೂಳೆ ಇಲ್ಲ, ಮಾನ ಇಲ್ಲ!" ಇಷ್ಟಾದರೂ ಪರವಾಗಿರಲಿಲ್ಲ. ಆಮೇಲೆ ಅವಳು ಮಾಡಿದ ಕೆಲಸ ಬೇರೆ ಯಾರಿಗಾದರೂ ಹೊಳೆಯುತ್ತಿತ್ತೇ? ಹಿಂಡಿದ ಸೋಯಾವನ್ನು ಡಬ್ಬಿಗೆ ತುಂಬಿಕೊಂಡು, ನನ್ನನ್ನೂ ಆಟೋಗೆ ತುಂಬಿಕೊಂಡು, ಶಿವಾಜಿನಗರದ ತನ್ನ ಖಾಯಂ ಮಟನ್ ಅಂಗಡಿಗೆ ಹೋದಳು. ನಲವತ್ತು ವರ್ಷದಿಂದ ಅವಳು ಕೈಮ ಕೊಚ್ಚಿಸುವುದು ಅಲ್ಲೇ. ಬೇರೆ ಯಾರು ಕೊಚ್ಚಿದರೂ ಅದು ಕೈಮ ಅಲ್ಲವಂತೆ.

ಅಂಗಡಿಯ ಭಾಯ್ ಡಬ್ಬಿಯೊಳಗೆ ಇಣುಕಿದ. ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದ.

"ಅಮ್ಮಾ, ಯೇ ಕ್ಯಾ ಹೈ? ಯಾವ ಜಾನ್ವರ್ ಅಮ್ಮಾ ಇದು?"

"ಕೊಚ್ಚು ಅಂದ್ರೆ ಕೊಚ್ಚು ಭಾಯ್. ಕುಲಗೋತ್ರ ಕೇಳ್ಬೇಡ."

ಆತ ಶ್ರದ್ಧೆಯಿಂದ ಕೊಚ್ಚಿಕೊಟ್ಟ. ವಾಪಸ್ ಬರುವಾಗ ನನಗೊಂದು ವಿಷಯ ಹೊಳೆಯಿತು. "ದೊಡ್ಡಮ್ಮಾ, ಆ ಕೊರಡಿನ ಮೇಲೆ ಬೆಳಗ್ಗೆಯಿಂದ ಮಟನ್ ತಾನೇ ಕೊಚ್ಚಿದ್ದು? ಇದು ಇನ್ನೆಲ್ಲಿ ವೀಗನ್?" ದೊಡ್ಡಮ್ಮ ಮುಚ್ಚಳ ತೆಗೆದು ಮೂಸಿ, ಡಬ್ಬಿಯನ್ನು ನನ್ನ ಮಡಿಲಿಗೆ ನೂಕಿದಳು. "ಮೊದ್ಲೇ ಹೇಳೋಕೆ ನಿಂಗೇನಾಗಿತ್ತೇ ದೊಡ್ಡರೋಗ? ಓದಿರೋಳಂತೆ!" ಆ ಡಬ್ಬಿ ಪೂರ್ತಿ ನನ್ನ ಪಾಲಿಗೆ ಬಂತು. ಎರಡು ದಿನ ಅದನ್ನೇ ತಿಂದೆ. ರುಚಿಯಾಗಿತ್ತು, ಅದಕ್ಕೇ ಇನ್ನೂ ಕೋಪ ಬಂತು.

ಕೊನೆಗೆ ಹೊಸ ಚಾಕು, ಹೊಸ ಮಣೆ ತಂದು ತಾನೇ ಕೊಚ್ಚಿದಳು. ಹೊಸ ಬಾಣಲೆಯಲ್ಲಿ ಈರುಳ್ಳಿ, ಟೊಮೇಟೊ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೆಂಪಗೆ ಹುರಿದಳು. ಮೇಲೆ ನಿಂಬೆಹುಳಿ. ಇನ್ನು ರೊಟ್ಟಿ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಕಲಬುರಗಿಯ ಹೆಂಗಸಿನ ಜೋಳದ ರೊಟ್ಟಿಯ ಮೇಲೆ ದೊಡ್ಡಮ್ಮನ ಕಣ್ಣು ಬಿತ್ತು. ಸಣ್ಣ ಸಣ್ಣ ರೊಟ್ಟಿ ಬಡಿದು, ಬಿಸಿಯಿರುವಾಗಲೇ ಲಟ್ಟಣಿಗೆಯ ಮೇಲೆ ಬಗ್ಗಿಸಿ ಹಾಕಿ, ಗರಿಗರಿಯಾಗುವವರೆಗೆ ಒಣಗಿಸಬೇಕೆಂದು ಅಪ್ಪಣೆಯಾಯಿತು.

"ರೊಟ್ಟಿ ಬಗ್ಗಿಸಿ ಒಣಗಸೂದೇನ್ರಿ ಅಮ್ಮಾರ? ನಮ್ ಕಡಿ ಹಿಂಗ್ ಮಾಡಿದ್ರ ಅತ್ತಿ ಮನಿ ಬಿಟ್ಟು ಹೊರಗ ಹಾಕ್ತಾಳ್ರಿ!" ಎಂದು ಆಕೆ ನಕ್ಕಳು. ನಕ್ಕದ್ದಕ್ಕೆ ಬೈಸಿಕೊಂಡಳು. ಆದರೂ ಮಾಡಿಕೊಟ್ಟಳು.

ಹಬ್ಬದ ದಿನ ಹೋದೆ. ದೊಡ್ಡಮ್ಮ ಬೆಳಗ್ಗೆಯಿಂದ ಒಂದು ತೊಟ್ಟು ಕಾಫಿಯನ್ನೂ ಕುಡಿಯದೆ ಎಡೆ ಹಾಕುತ್ತಿದ್ದಳು. ಎಲೆಯ ತುಂಬ ಟಾಕೋ, ತೆಂಗಿನಹಾಲಿನ ಪಾಯಸ, ಪಕ್ಕದಲ್ಲಿ ಬ್ರಾಂದಿ. ಬ್ರಾಂದಿ ವೀಗನ್ ಹೌದೋ ಅಲ್ಲವೋ ಎಂದು ಮೊಮ್ಮಗಳನ್ನು ಕೇಳಿಯೇ ಇಟ್ಟಿದ್ದಳಂತೆ! ನಾನು ಮಟನ್ ಹುಡುಕಿದೆ. ಇರಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ದೊಡ್ಡಪ್ಪ ಅವರು.

"ಹುಡುಗಿಗೆ ಬೇರೆ ತಟ್ಟೇಲಿ ಕೊಟ್ಟಿದ್ರೆ ಆಗ್ತಿತ್ತಲ್ಲ? ದೊಡ್ಡಪ್ಪಂಗೆ ವರ್ಷಕ್ಕೊಂದು ದಿನ. ಅವರಿಗೂ ಸೋಯಾನಾ?"

"ಬೇರೆ ತಟ್ಟೆ ಆದ್ರೆ ಅದು ಎಡೆ ಅಲ್ಲ ಕಣೇ, ಹೋಟ್ಲು. ಒಂದೇ ಎಲೇಲಿ ಅವರೂ ಉಣ್ಬೇಕು, ಮಗೂನೂ ಉಣ್ಬೇಕು. ನಡಿ ಆಚೆ."

ನಾವು ಮೂವರೂ ಹೊರಗೆ ಬಂದೆವು. ದೊಡ್ಡಮ್ಮ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಹುಡುಗಿ ಗೇಟಿನ ಹತ್ತಿರ ನಿಂತಳು. ಬೀದಿಯಲ್ಲಿ ಒಬ್ಬ ಬೈಕಿನವನು ಜೋರಾಗಿ ಹಾರ್ನ್ ಮಾಡಿಕೊಂಡು ಹೋದ. ದೊಡ್ಡಮ್ಮ ಅವನಿಗೆ ಬೈಯಲೇ ಇಲ್ಲ. ನಾನು ಗಾಬರಿಯಾಗಿ ಅವಳ ಕಡೆ ನೋಡಿದರೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಒಳಗೆ ತಟ್ಟೆ ನೂಕ್ಬಿಟ್ಟಿರ್ತಾರೇನೋ ಕಣೇ" ಎಂದಳು, ನನಗೆ ಮಾತ್ರ ಕೇಳಿಸುವ ಹಾಗೆ. "ನಂಗೆ ಭಯ ಆಗ್ತಿದೆ."

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.

ಬಾಗಿಲು ತೆಗೆದಾಗ ಎಲೆ ಇಟ್ಟ ಹಾಗೇ ಇತ್ತು. ಹುಡುಗಿ ಕಾಲು ತೊಳೆದು ಒಳಗೆ ಬಂದು, ತಾತನ ಫೋಟೋಗೆ ಕೈಮುಗಿದು, ಎಲೆಯ ಮುಂದೆ ಕೂತಳು. ಒಂದು ಟಾಕೋ ಎತ್ತಿ ಕಚ್ಚಿದಳು. ರೊಟ್ಟಿ ಕರುಮ್ ಎಂದಿತು. ಕಣ್ಣಲ್ಲಿ ನೀರು ಬಂತು.

"ಖಾರ ಅಜ್ಜಿ!"

"ತಿನ್ನೇ ಸುಮ್ನೆ."

ಅವಳು ತಿಂದಳು. ಇನ್ನೊಂದು ತಗೊಂಡಳು. ದೊಡ್ಡಮ್ಮ ಗೋಡೆಗೆ ಒರಗಿ, ಆ ಎರಡನೆಯದು ಪೂರ್ತಿ ಮುಗಿಯುವವರೆಗೂ ಕದಲದೆ ನೋಡಿದಳು. ಆಮೇಲೆ ಫೋಟೋದ ಕಡೆ ತಿರುಗಿ, ಸೆರಗು ಹೆಗಲ ಮೇಲೆ ಸರಿಮಾಡಿಕೊಂಡು, ನಾನು ಅವಳ ಬಾಯಲ್ಲಿ ಎಂದೂ ಕೇಳದಷ್ಟು ಮೆತ್ತಗೆ ಹೇಳಿದಳು:

"ಬೈಯೋದಾದ್ರೆ ನನ್ನ ಬೈರಿ. ಮಗು ಹೊಟ್ಟೆತುಂಬ ಉಂಡ್ಲು ಕಂಡ್ರೀ."