ಬಡೇಸೋಪು ಹುರಿಯುವ ಹೊತ್ತು

ಖಾನಾವಳಿ ಇಟ್ಟವರ ಮನೆಯಲ್ಲಿ ಒಲೆ ಒಮ್ಮೊಮ್ಮೆ ಆರುತ್ತದೆ, ಫಜೀತಿ ಮಾತ್ರ ಆರುವುದಿಲ್ಲ. ಜೀಡಿಮೆಟ್ಲಾದ ಕಾರ್ಖಾನೆಗಳ ನಡುವೆ ನಾನೂ ನನ್ನ ಯಜಮಾನರೂ ರೊಟ್ಟಿ ಊಟದ ಖಾನಾವಳಿ ನಡೆಸುತ್ತೇವೆ. ಬರುವವರು ಬಹುತೇಕ ನಮ್ಮ ಕಲಬುರಗಿ, ಯಾದಗಿರಿ ಕಡೆಯ ದುಡಿಯುವ ಮಂದಿ. ರೊಟ್ಟಿ ಬಡಿದು ಬಡಿದು ನನ್ನ ಬಲಭುಜ ಈಗ ನನ್ನ ಮಾತು ಕೇಳುವುದಿಲ್ಲ. ಇನ್ನೊಬ್ಬಳನ್ನು ಇಟ್ಟುಕೊಳ್ಳೋಣವೆಂದರೆ ಈಗ ಬರುವ ಗಿರಾಕಿಯಲ್ಲಿ ಅವಳ ಪಗಾರ ಹೊರಡುವುದಿಲ್ಲ. ಸಾಲದ್ದಕ್ಕೆ ಬಡೇಸೋಪಿನ ಕಾಟ. ಸೋಂಪು ಅನ್ನುತ್ತಾರಲ್ಲ, ಅದೇ.

ಬಾಗಿಲ ಬಟ್ಟಲು

ಉಂಡವರಿಗೆಂದು ಹುರಿದ ಬಡೇಸೋಪನ್ನು ಬಾಗಿಲ ಬಳಿ ಬಟ್ಟಲಲ್ಲಿ ಇಡುತ್ತೇನೆ. ಬಿಳಿ ಅಂಗಿಯವರೊಬ್ಬರು ದಿನಾ ಬಂದು ಎರಡು ಚಮಚ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರಿಗೆ ಬಡಿಸಿದ ನೆನಪೇ ನನಗಿಲ್ಲ. ಒಂದು ದಿನ ತಡೆದು ಕೇಳಿದೆ: "ಅಣ್ಣಾರ, ನೀವು ಊಟಕ್ಕ ಎಲ್ಲಿ ಕೂಡ್ತೀರಿ?"

"ಊಟ ಎದುರಿನ ಹೋಟೆಲಿನ್ಯಾಗ ಆಗ್ತೈತ್ರಿ ಅಕ್ಕಾ. ಖರೆ ಬಡೇಸೋಪು ನಿಮ್ಮಂಗ ಹುರಿಯಾಕ ಅವ್ರಿಗೆ ಬರಂಗಿಲ್ಲ."

ನಾನು ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ. ಅವರು ಮೆಟ್ಟಿಲು ಇಳಿಯುತ್ತ ತಿರುಗಿ ನೋಡಿದರು: "ಇವತ್ತು ಒಂಚೂರು ಉಪ್ಪು ಕಮ್ಮಿ ಆಗೇತಿ ನೋಡ್ರಿ."

ಬೇಗಂ ಬಜಾರ್

ಕಡಲೆಬೇಳೆ ಪಲ್ಯ ಹೊಟ್ಟೆ ಉಬ್ಬಿಸದಿರಲಿ ಎಂದು ಒಗ್ಗರಣೆಗೆ ಬಡೇಸೋಪು ಹಾಕುತ್ತೇನೆ. ಅದನ್ನು ತರಲು ಯಜಮಾನರನ್ನು ಬೇಗಂ ಬಜಾರಿಗೆ ಕಳಿಸಿದೆ. ಮಧ್ಯಾಹ್ನದವರೆಗೆ ತಿರುಗಾಡಿ, ಸಕ್ಕರೆ ಮೆತ್ತಿದ ಕೆಂಪು, ಹಸಿರು, ಹಳದಿ ಬಣ್ಣದ್ದನ್ನು ಚೀಲ ತುಂಬ ತಂದರು.

"ಇದೇನ್ರೀ?"

"ಬಡೇಸೋಪು. ಒಳಗ ಐತಿ."

ಬೈಯಲು ತ್ರಾಣವಿರಲಿಲ್ಲ, ರೊಟ್ಟಿಗೆ ಕುಳಿತೆ. ಬೈಗುಳ ಬೀಳದ್ದನ್ನು ನೋಡಿ ಅವರಿಗೆ ಹುರುಪು ಬಂತು. ತಾವೇ ಒಗ್ಗರಣೆ ಹಾಕಿಬಿಟ್ಟರು. ಪಲ್ಯ ಸಿಹಿಯಾಗಿ, ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ಒಬ್ಬ ಗಿರಾಕಿ ಒಂದು ತುತ್ತು ತಿಂದು ಮೆತ್ತಗೆ ಕೇಳಿದ: "ಅಕ್ಕಾ, ಇವತ್ತು ಮನ್ಯಾಗ ಯಾರ್ದು ಲಗ್ನ?"

ಎಬ್ಬಿಸುವ ಉಪಾಯ

ಉಣ್ಣಲು ಕುಳಿತವರನ್ನು ಏಳಿ ಅನ್ನಬಾರದು, ಪಾಪ. ಆದರೆ ನಮ್ಮ ಮಂದಿ ಊಟ ಮುಗಿದ ಮೇಲೂ ಊರ ಸುದ್ದಿ ಹಿಡಿದರೆ ಎದ್ದೇಳುವವರಲ್ಲ. ಅದಕ್ಕೆ ನಾನೊಂದು ರೂಢಿ ಮಾಡಿದೆ. ರೊಟ್ಟಿ ಮುಗಿದ ಕೂಡಲೇ ಒಳಗೆ ಬಡೇಸೋಪು ಹುರಿಯುತ್ತೇನೆ. ಅದರ ಘಮ ಹೊರಗೆ ಹೋಯಿತೆಂದರೆ ಎಲ್ಲರೂ ತಾವಾಗಿಯೇ ಕೈ ತೊಳೆಯಲು ಏಳುತ್ತಾರೆ. ಯಜಮಾನರಿಗೂ ಅದೇ ರೂಢಿ. ಘಮ ಬಂದೊಡನೆ ಅವರು ಎದ್ದು ಹೋಗಿ ಮಲಗುತ್ತಾರೆ, ಪಾತ್ರೆಗಳು ನನಗೆ.

ಸಾಹೇಬರು ಬಂದ ದಿನ

ಹತ್ತಿರದ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುವ ಸಾಹೇಬರು ಬೀದರ್ ಕಡೆಯವರು. ದಿನದ ಊಟವನ್ನು ನಮ್ಮಲ್ಲಿಂದ ತರಿಸುವ ವಿಚಾರ ಅವರಿಗಿತ್ತು. "ಮೊದ್ಲ ಬಂದು ಉಂಡು ನೋಡ್ತೀನ್ರಿ. ಬದನಿಕಾಯಿ ಪಲ್ಯೆಕ್ಕ ಬಡೇಸೋಪು ಹುರಿದು ಕುಟ್ಟಿ ಹಾಕ್ರಿ, ನಮ್ಮ ಮಂದಿಗೆ ಆ ರುಚಿ ಸೇರತೈತಿ" ಎಂದರು.

ಈ ಆರ್ಡರ್ ಸಿಕ್ಕರೆ ರೊಟ್ಟಿಗೆ ಇನ್ನೊಬ್ಬಳನ್ನು ಇಟ್ಟುಕೊಳ್ಳಬಹುದು, ನನ್ನ ಭುಜ ಉಳಿಯುತ್ತದೆ. ಖಾಯಂ ಗಿರಾಕಿಗಳಿಗೆಲ್ಲ ಕೈಮುಗಿದೆ: "ಇವತ್ತು ಹೊಟ್ಟಿ ತುಂಬ ಉಣ್ರಪಾ. ಸಾಹೇಬ್ರ ಮುಂದ ನಾಕು ಚೊಲೋ ಮಾತು ಆಡ್ರಿ."

ಸಾಹೇಬರು ಬಂದು ಕುಳಿತರು. ಎಲ್ಲರ ತಟ್ಟೆಗೂ ಮೊದಲ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಬಿತ್ತು. ಪಲ್ಯ ಇಳಿಸುವ ಹೊತ್ತಿಗೆ, ಬಡೇಸೋಪು ಹುರಿದೇ ಇಲ್ಲವೆಂದು ನೆನಪಾಯಿತು. ಗಡಿಬಿಡಿಯಲ್ಲಿ ಬಾಣಲಿಗೆ ಸುರಿದೆ. ಘಮ್ಮೆಂದಿತು. ಹೊರಗೆ ಬೆಂಚುಗಳು ಸರಿದ ಸಪ್ಪಳ ಕೇಳಿ ಇಣುಕಿದೆ. ಮಂದಿಯೆಲ್ಲ ರೊಟ್ಟಿ ಸುರುಳಿ ಸುತ್ತಿ ಬಾಯಿಗೆ ತುರುಕುತ್ತ ನಲ್ಲಿಯ ಮುಂದೆ ಸಾಲು ನಿಂತಿದ್ದರು.

"ಯಾಕ್ರಪಾ, ಈಗ ಕುಂತು ಈಗ ಎದ್ರಿ?"

"ನೀವ ಎಬ್ಬಿಸಿದ್ರಲ್ಲ ಅಕ್ಕಾ! ರೊಟ್ಟಿ ತೀರಿದ್ವು ಅಂತ ತಿಳ್ಕೊಂಡ್ವಿ."

ಸಾಹೇಬರು ಒಬ್ಬರೇ ತಟ್ಟೆಯ ಮುಂದೆ ಉಳಿದಿದ್ದರು.  ಆರ್ಡರ್ ಕೈತಪ್ಪಿತೆಂದು ತಲೆ ಮೇಲೆ ಕೈ ಹೊತ್ತು ಕುಳಿತೆ, ಅಳುವೇ ಬಂತು. ಯಜಮಾನರು ತಡವರಿಸುತ್ತ ಅವರಿಗೆ ನಮ್ಮ ರೂಢಿಯನ್ನು ಬಿಡಿಸಿ ಹೇಳಿದರು. ಸಾಹೇಬರು ನಲ್ಲಿಯ ಸಾಲು ನೋಡಿದರು, ಕೈಗಡಿಯಾರ ನೋಡಿದರು.

"ಅಕ್ಕಾರ, ನಮ್ಮ ಕ್ಯಾಂಟೀನಿನ್ಯಾಗ ಉಂಡವ್ರನ್ನ ಎಬ್ಬಿಸಾಕ ಸೀಟಿ ಊದಿ ಊದಿ ನನ್ನ ಗಲ್ಲ ಬಿದ್ದು ಹೋಗ್ಯಾವು. ಆರ್ಡರ್ ನಿಮಗ. ಪಲ್ಯೆಕ್ಕ ಬಡೇಸೋಪು ಹಾಕಿದ್ರೂ ನಡೀತೈತಿ, ಹಾಕದಿದ್ರೂ ನಡೀತೈತಿ. ದಿನಾ ಊಟ ಮುಗಿಯೂ ಹೊತ್ತಿಗೆ ನೀವ ಬಂದು, ನಮ್ಮಲ್ಲಿ ಒಂದೀಟು ಹುರಿದು ಹೋಗ್ರಿ. ನಮ್ಮ ಮಂದಿಗೂ ರೂಢಿ ಆಗ್ಲಿ."

ಈಗ ರೊಟ್ಟಿ ಬಡಿಯಲು ಇನ್ನೊಬ್ಬಳಿದ್ದಾಳೆ. ನಾನು ದಿನಾ ಬಾಣಲಿ ಹೊತ್ತು ಕ್ಯಾಂಟೀನಿಗೆ ಹೋಗುತ್ತೇನೆ. ಹುರಿಯುವುದಕ್ಕೂ ಬಲಗೈಯೇ ಬೇಕು.